ನಡಿಗೆ ಕೆಟ್ಟಾಗ ಮನೆಯವರು ತಿಳಿಯಬೇಕಾದುದು

ಕನ್ನಡ ನುಡಿಯಲ್ಲಿ ‘ನಡೆ’ ಎಂಬ ಪದಕ್ಕೆ ಕಾಲಿನ ನಡಿಗೆ ಎಂಬ ಅರ್ಥವೂ ಉಂಟು, ಬದುಕಿನ ಆಚರಣೆ ಎಂಬ ಅರ್ಥವೂ ಉಂಟು. ಎರಡನೆಯ ನಡೆಯನ್ನು ತಿದ್ದಿಕೊಳ್ಳುವ ವಿಷಯದಲ್ಲಿ ನಮ್ಮ ಹಿರಿಯರು ಸಾಕಷ್ಟು ಹೇಳಿದ್ದಾರೆ. ಮೊದಲನೆಯ ನಡೆಯ ವಿಷಯದಲ್ಲಿ ಮಾತ್ರ ನಾವು ಉದಾಸೀನರಾಗಿದ್ದೇವೆ. ಮಗು ವಾಲಿ ನಡೆದರೆ ‘ಬೆಳೆದಂತೆ ಸರಿಹೋಗುತ್ತದೆ’ ಎನ್ನುತ್ತೇವೆ. ಗೃಹಿಣಿ ಕಾಲೆಳೆದು ನಡೆದರೆ ‘ವಾಯು, ಎಣ್ಣೆ ಹಚ್ಚಿಕೊಂಡರೆ ಹೋಗುತ್ತದೆ’ ಎನ್ನುತ್ತೇವೆ. ಹಿರಿಯರು ತಡವರಿಸಿದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಈ ಮೂರು ಮಾತುಗಳು ಕೆಲವೊಮ್ಮೆ ನಿಜವೇ ಆಗಿರಬಹುದು. ಆದರೆ ಪರೀಕ್ಷಿಸದೆ ಆಡಿದಾಗ ಇವುಗಳಿಂದ ಕಳೆದುಹೋಗುವ ತಿಂಗಳುಗಳನ್ನು ಮುಂದೆ ಯಾವ ವೈದ್ಯನೂ ಮರಳಿ ಕೊಡಲಾರನು.

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಂತಹ ಹೋಬಳಿ ಊರನ್ನೇ ತೆಗೆದುಕೊಳ್ಳೋಣ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಮನೆ, ದನದ ಕೊಟ್ಟಿಗೆ, ನೀರಿನ ಕೊಡ – ಯಾವ ಕೆಲಸವೂ ಕಾಲಿಲ್ಲದೆ ಸಾಗದು. ಶಿವರಾತ್ರಿಯ ಮುನ್ನ ಈ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಸಾಗುವ ಭಕ್ತರನ್ನು ನಾವೆಲ್ಲರೂ ಕಂಡಿದ್ದೇವೆ. ಇಂತಹ ನಾಡಿನಲ್ಲಿ ಒಬ್ಬರ ನಡಿಗೆ ಕೆಟ್ಟಿತೆಂದರೆ ಆ ಮನೆಯ ದುಡಿಮೆ, ಭಕ್ತಿ, ಬಂಧುಬಳಗದ ಸಂಪರ್ಕ ಎಲ್ಲವೂ ಕುಂಠಿತವಾಗುತ್ತವೆ. ಆದುದರಿಂದ ನಡಿಗೆಯ ದೋಷವನ್ನು ಗುರುತಿಸುವ ಬಗೆಯನ್ನೂ ಅದರ ಹಿಂದಿರುವ ಕಾರಣಗಳನ್ನೂ ಕುಟುಂಬದ ಎಲ್ಲರಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ನಾವು ಪ್ರಯತ್ನಿಸಿದ್ದೇವೆ. ರೋಗವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಆದರೆ ದಿನವೂ ಕಣ್ಣೆದುರಿಗೆ ನಡೆಯುವವರಲ್ಲಿ ಆದ ವ್ಯತ್ಯಾಸವನ್ನು ಮೊದಲು ಕಾಣಬಲ್ಲವರು ಮನೆಯವರೇ ಹೊರತು ಬೇರೆ ಯಾರೂ ಅಲ್ಲ.

ಸಹಜವಾದ ನಡಿಗೆ ಎಂದರೆ ಯಾವುದು?

ನಡೆಯುವಾಗ ಪ್ರತಿಯೊಂದು ಕಾಲೂ ಎರಡು ಅವಸ್ಥೆಗಳನ್ನು ಹಾದುಹೋಗುತ್ತದೆ. ಪಾದವು ನೆಲವನ್ನೂರಿ ದೇಹದ ಭಾರವನ್ನು ಹೊತ್ತಿರುವುದು ಒಂದು. ನೆಲವನ್ನು ಬಿಟ್ಟು ಮುಂದಕ್ಕೆ ತೂಗುವುದು ಇನ್ನೊಂದು. ಒಂದು ಹೆಜ್ಜೆಯ ಸುತ್ತಿನಲ್ಲಿ ಸುಮಾರು 60 ಭಾಗ ಊರುವುದಕ್ಕೂ 40 ಭಾಗ ತೂಗುವುದಕ್ಕೂ ಸಲ್ಲುತ್ತದೆ. ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ, ಬೆರಳುಗಳು ಕೊನೆಗೆ ನೆಲವನ್ನು ಬಿಡುತ್ತವೆ. ಎಡಗಾಲು ಮುಂದಾದಾಗ ಬಲಗೈ ಮುಂದಕ್ಕೆ ಬೀಸುತ್ತದೆ. ಇಷ್ಟು ಸರಳವಾಗಿ ಕಾಣುವ ಈ ಕ್ರಿಯೆಗೆ ಮೆದುಳು, ಹಿಂಮೆದುಳು, ಬೆನ್ನುಹುರಿ, ನರಗಳು, ಸ್ನಾಯುಗಳು, ಮೂಳೆ-ಕೀಲುಗಳು, ಕಣ್ಣು ಮತ್ತು ಒಳಗಿವಿ ಎಲ್ಲವೂ ಒಂದಾಗಿ ದುಡಿಯಬೇಕು. ಇವುಗಳಲ್ಲಿ ಯಾವುದು ಕೆಟ್ಟರೂ ನಡಿಗೆಯು ತನ್ನದೇ ಆದ ಒಂದು ರೀತಿಯಲ್ಲಿ ಕೆಡುತ್ತದೆ. ಆ ರೀತಿಯೇ ಕಾರಣದ ಕಡೆಗೆ ಬೆರಳು ತೋರಿಸುತ್ತದೆ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಗು ಸಾಮಾನ್ಯವಾಗಿ 1 ವರ್ಷದ ಆಸುಪಾಸಿನಲ್ಲಿ ನಡೆಯತೊಡಗುತ್ತದೆ. 18 ತಿಂಗಳಾದರೂ ನಡೆಯದಿದ್ದರೆ ತೋರಿಸಬೇಕು. ಸುಮಾರು 2 ವರ್ಷದವರೆಗೆ ಮೊಣಕಾಲುಗಳು ಹೊರಕ್ಕೆ ಬಾಗಿರುವುದೂ, 3ರಿಂದ 5 ವರ್ಷದಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗುವಂತಿರುವುದೂ ಬೆಳವಣಿಗೆಯ ಸಹಜ ಹಂತಗಳು. ಬಹುಪಾಲು ಮಕ್ಕಳಲ್ಲಿ 7-8 ವರ್ಷದ ಹೊತ್ತಿಗೆ ಇವು ತಾವಾಗಿಯೇ ನೇರವಾಗುತ್ತವೆ. ಆದರೆ ಬಾಗು ಒಂದೇ ಕಾಲಿನಲ್ಲಿದ್ದರೆ, ದಿನೇ ದಿನೇ ಹೆಚ್ಚುತ್ತಿದ್ದರೆ, ಮಗು ಗಿಡ್ಡವಾಗಿ ಉಳಿದು ಮಣಿಕಟ್ಟು ದಪ್ಪವಾಗಿದ್ದರೆ ಅದು ಸಹಜವಲ್ಲ. ಬಿಸಿಲಿನಿಂದ ದೊರೆಯುವ ಡಿ ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್ ರೋಗವಿರಬಹುದು. ನಮ್ಮ ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ. ಆದರೆ ಡಿ ಜೀವಸತ್ವವಿಲ್ಲದೆ ಆ ಸುಣ್ಣವು ದೇಹಕ್ಕೆ ಸರಿಯಾಗಿ ಸೇರದು. ಕೋಲಾರ ಜಿಲ್ಲೆ, ತುಮಕೂರು ಜಿಲ್ಲೆಯ ಪಾವಗಡ ಮೊದಲಾದ ಒಣ ಸೀಮೆಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿರುವ ಅಧಿಕ ಫ್ಲೋರೈಡ್ ಇನ್ನೊಂದು ಕಾರಣ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ನೀರನ್ನು ಪರೀಕ್ಷೆಗೆ ಕಳುಹಿಸುವುದು ಉತ್ತಮ.

ನೋವಿನ ಕುಂಟು

ಎಲ್ಲಕ್ಕಿಂತ ಸಾಮಾನ್ಯವಾದುದು ನೋವಿನಿಂದ ಬರುವ ಕುಂಟು. ನೋಯುವ ಕಾಲಿನ ಮೇಲೆ ಭಾರ ಬಿಡಲಾರದೆ ಮನುಷ್ಯನು ಬೇಗ ಬೇಗನೆ ಇನ್ನೊಂದು ಕಾಲಿಗೆ ದಾಟುತ್ತಾನೆ. ನೆಲದ ಮೇಲಿನ ಸದ್ದನ್ನು ಕೇಳಿದರೆ ಸಾಕು. ಒಂದು ಹೆಜ್ಜೆ ದೀರ್ಘ, ಒಂದು ಹೆಜ್ಜೆ ಹ್ರಸ್ವ. ಅಂಗಾಲಿನ ಮುಳ್ಳಿನಿಂದ ಹಿಡಿದು ಮೊಣಕಾಲಿನ ಸವೆತ, ಸೊಂಟದ ಕೀಲಿನ ರೋಗ, ಮೂಳೆಯ ಬಿರುಕಿನವರೆಗೆ ಕಾರಣಗಳು ಅನೇಕ. ಬೆನ್ನಿನಿಂದ ಪೃಷ್ಠದ ಮೂಲಕ ಕಾಲಿಗೆ ಇಳಿಯುವ ನೋವನ್ನು ಆಯುರ್ವೇದವು ‘ಗೃಧ್ರಸಿ’ ಎಂದು ಹೆಸರಿಸಿದೆ. ಇಂದಿನ ವೈದ್ಯರು ಅದನ್ನು ಸಯಾಟಿಕಾ ಎನ್ನುತ್ತಾರೆ.

ಇಲ್ಲಿ ಎರಡು ಮಾತು ಗಮನಾರ್ಹ. ಮಕ್ಕಳಲ್ಲಿ ಸೊಂಟದ ಕೀಲಿನ ನೋವು ಬಹಳ ಸಲ ಮೊಣಕಾಲಿನ ನೋವಾಗಿ ತೋರುತ್ತದೆ. ಮೊಣಕಾಲು ಚೆನ್ನಾಗಿದ್ದರೂ ಮಗು ಅದನ್ನೇ ಹಿಡಿದು ಕುಂಟುತ್ತಿದ್ದರೆ ಸೊಂಟವನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳಬೇಕು. ಜ್ವರದೊಡನೆ ಕುಂಟು ಬಂದು ಮಗು ಕಾಲೂರಲು ನಿರಾಕರಿಸಿದರೆ ಕೀಲಿನೊಳಗೆ ಕೀವು ತುಂಬಿರುವ ಸಂಭವವುಂಟು. ಆಗ ಒಂದು ರಾತ್ರಿಯನ್ನೂ ಕಾಯಬಾರದು. ಎರಡನೆಯದಾಗಿ, ಊರುಗೋಲನ್ನು ನೋಯುವ ಕಾಲಿನ ಕಡೆಗೆ ಹಿಡಿಯುವುದು ನಮ್ಮಲ್ಲಿ ರೂಢಿ. ಅದು ತಪ್ಪು. ಬಲ ಮೊಣಕಾಲು ನೋಯುವವರು ಎಡಗೈಯಲ್ಲಿ ಕೋಲನ್ನು ಹಿಡಿದು, ಬಲಗಾಲಿನೊಡನೆ ಅದನ್ನು ಊರಬೇಕು. ಆಗ ಕೀಲಿನ ಮೇಲಿನ ಭಾರ ನಿಜವಾಗಿಯೂ ಇಳಿಯುತ್ತದೆ.

ಇನ್ನು ಕೆಲವರು ನೂರಿನ್ನೂರು ಹೆಜ್ಜೆ ಚೆನ್ನಾಗಿ ನಡೆದು, ಮೀನಖಂಡ ಹಿಡಿದುಕೊಂಡಂತಾಗಿ ನಿಂತುಬಿಡುತ್ತಾರೆ. ನಿಂತು ದಣಿವಾರಿಸಿದೊಡನೆ ನೋವು ಮಾಯವಾದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಬೀಡಿ ಸೇದುವವರಲ್ಲಿಯೂ ಮಧುಮೇಹಿಗಳಲ್ಲಿಯೂ ಇದು ಹೆಚ್ಚು. ನಿಂತರೂ ಹೋಗದೆ, ಕುಳಿತು ಇಲ್ಲವೆ ಮುಂದಕ್ಕೆ ಬಾಗಿದಾಗ ಮಾತ್ರ ನೋವು ಶಮನವಾದರೆ ದೋಷವು ಬೆನ್ನುಮೂಳೆಯ ಕಾಲುವೆಯಲ್ಲಿರುವುದು ಸಂಭವನೀಯ.

ಪಕ್ಕಕ್ಕೆ ತೂಗುವ ನಡಿಗೆ – ಹಂದಿಗೋಡಿನ ಪಾಠ

ಒಂದು ಕಾಲಿನ ಮೇಲೆ ನಿಂತಾಗ ಸೊಂಟವು ಸಮನಾಗಿರುವಂತೆ ಹಿಡಿಯುವುದು ಪೃಷ್ಠದ ಪಕ್ಕದ ಸ್ನಾಯುಗಳ ಕೆಲಸ. ಅವು ದುರ್ಬಲವಾದರೆ, ಇಲ್ಲವೆ ಸೊಂಟದ ಕೀಲು ಜಾರಿದ್ದರೆ, ಮನುಷ್ಯನು ಪ್ರತಿ ಹೆಜ್ಜೆಗೂ ದೇಹವನ್ನು ಪಕ್ಕಕ್ಕೆ ವಾಲಿಸಬೇಕಾಗುತ್ತದೆ. ಎರಡೂ ಪಕ್ಕಕ್ಕೆ ವಾಲಿದರೆ ಬಾತುಕೋಳಿಯ ನಡಿಗೆಯಂತೆ ತೋರುತ್ತದೆ.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1975ರ ಸುಮಾರಿಗೆ ಅನೇಕ ಕುಟುಂಬಗಳಲ್ಲಿ ಸೊಂಟ ಮತ್ತು ಮೊಣಕಾಲಿನ ತೀವ್ರ ನೋವು, ವಾಲುನಡಿಗೆ, ಕೆಲವರಲ್ಲಿ ಕುಬ್ಜತೆ ಕಾಣಿಸಿಕೊಂಡುದು ಬೆಳಕಿಗೆ ಬಂದಿತು. ಕೆಲವರು ಕೈಯೂರಿ ತೆವಳುವ ಸ್ಥಿತಿಗೆ ಬಂದಿದ್ದರು. ಬಾಧೆಗೊಳಗಾದವರು ಬಹುತೇಕ ಬಡ ಕೂಲಿಕಾರ ಸಮುದಾಯಗಳವರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ವಿಜ್ಞಾನಿಗಳು ಬಂದು ಪರಿಶೀಲಿಸಿದರು. ಗದ್ದೆಗೆ ಹೊಡೆದ ಕೀಟನಾಶಕವು ಅಲ್ಲಿಯ ಏಡಿಗಳ ಮೂಲಕ ದೇಹವನ್ನು ಸೇರಿರಬಹುದೆಂಬ ಶಂಕೆ ಮೊದಲು ಹುಟ್ಟಿತು. ಮುಂದೆ ವಂಶಾವಳಿಗಳನ್ನೂ ಕ್ಷಕಿರಣ ಚಿತ್ರಗಳನ್ನೂ ಪರಿಶೀಲಿಸಿದಾಗ ಇದು ಮೂಳೆಗಳ ತುದಿಯ ಬೆಳವಣಿಗೆಯನ್ನು ಕೆಡಿಸುವ ಆನುವಂಶಿಕ ರೋಗವೆಂದೂ, ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧದಷ್ಟು ಎಂದೂ 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ‘ಹಂದಿಗೋಡು ಕಾಯಿಲೆ’ ಎಂಬ ಹೆಸರು ಇಂದು ವೈದ್ಯಕೀಯ ಗ್ರಂಥಗಳಲ್ಲಿ ಸೇರಿದೆ.

ಇದರಿಂದ ನಾವು ಕಲಿಯಬೇಕಾದುದೇನು? ಒಂದೇ ಮನೆತನದಲ್ಲಿ ಹಲವರ ನಡಿಗೆ ಕೆಟ್ಟಿದ್ದರೆ ಅದು ಶಾಪವೂ ಅಲ್ಲ, ಗ್ರಹಚಾರವೂ ಅಲ್ಲ. ವಂಶವಾಹಿಯ ಒಂದು ದೋಷವಿರಬಹುದು. ಅದನ್ನು ಬಚ್ಚಿಟ್ಟು ಮದುವೆ ಮಾಡುವುದಕ್ಕಿಂತ ತಿಳಿದವರ ಸಲಹೆ ಪಡೆಯುವುದು ಲೇಸು.

ಮಕ್ಕಳ ವಾಲುನಡಿಗೆಗೆ ಇನ್ನೆರಡು ಕಾರಣಗಳನ್ನು ತಾಯಂದಿರು ತಿಳಿದಿರಬೇಕು. ಹುಟ್ಟುವಾಗಲೇ ಸೊಂಟದ ಕೀಲು ಸಡಿಲವಾಗಿರುವುದು ಮೊದಲನೆಯದು. ಹಸುಗೂಸಿನ ತೊಡೆಯ ಮಡಿಕೆಗಳು ಎರಡು ಕಡೆ ಸಮನಾಗಿಲ್ಲದಿರುವುದು, ಬಟ್ಟೆ ಬದಲಿಸುವಾಗ ಒಂದು ತೊಡೆ ಪೂರ್ತಿ ಅಗಲವಾಗದಿರುವುದು, ಒಂದು ಕಾಲು ಗಿಡ್ಡವೆನಿಸುವುದು ಇದರ ಸೂಚನೆಗಳು. ಮೊದಲ ತಿಂಗಳುಗಳಲ್ಲಿ ಗುರುತಿಸಿದರೆ ಪಟ್ಟಿಯ ಕಟ್ಟಿನಿಂದಲೇ ಸರಿಪಡಿಸಬಹುದು. ಮಗು ನಡೆಯತೊಡಗಿದ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೂಸಿನ ಕಾಲುಗಳನ್ನು ನೇರವಾಗಿ ಎಳೆದು ಬಿಗಿಯಾಗಿ ಸುತ್ತುವ ಪದ್ಧತಿ ಈ ದೋಷವನ್ನು ಹೆಚ್ಚಿಸುತ್ತದೆ. ತಾಯಿ ಕಂಕುಳಲ್ಲಿ ಕಾಲಗಲಿಸಿ ಎತ್ತಿಕೊಳ್ಳುವ ನಮ್ಮ ಹಳೆಯ ಪದ್ಧತಿ ಕೀಲಿಗೆ ಹಿತಕರ. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿದ್ದರೂ ಹೀಗೆಯೇ: ಮೊದಲ ವಾರಗಳಿಂದಲೇ ವಾರಕ್ಕೊಮ್ಮೆ ಹಿಟ್ಟಿನಕಟ್ಟು ಬದಲಿಸುತ್ತಾ ತಿದ್ದುವ ಪೊನ್ಸೆಟಿ ವಿಧಾನದಿಂದ ಬಹುಪಾಲು ಮಕ್ಕಳು ಚೆನ್ನಾಗಿ ನಡೆಯುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ಎರಡು ದೋಷಗಳ ತಪಾಸಣೆಯೂ ಸೇರಿದೆ.

ಎರಡನೆಯದು ಡುಶೆನ್ ಎಂಬ ಸ್ನಾಯುಕ್ಷಯ. ಇದು ಬಹುತೇಕ ಗಂಡುಮಕ್ಕಳಿಗೆ ಬರುತ್ತದೆ. 3-5 ವರ್ಷದ ಹುಡುಗ ಪದೇ ಪದೇ ಬೀಳುತ್ತಾನೆ, ಮೆಟ್ಟಿಲೇರಲು ಕಷ್ಟಪಡುತ್ತಾನೆ, ಮೀನಖಂಡಗಳು ಮಾತ್ರ ಪೈಲ್ವಾನನಂತೆ ದಪ್ಪವಾಗಿರುತ್ತವೆ. ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿಕೊಂಡು ಹತ್ತಿದಂತೆ ಏಳುತ್ತಾನೆ. ಇದನ್ನು ಸೋಮಾರಿತನವೆಂದು ಗದರಿಸಬಾರದು. ಪೂರ್ಣ ಗುಣಪಡಿಸುವ ಔಷಧ ಇಲ್ಲದಿದ್ದರೂ ಸಕಾಲದ ಚಿಕಿತ್ಸೆಯಿಂದ ನಡೆಯುವ ವರ್ಷಗಳನ್ನು ಹೆಚ್ಚಿಸಬಹುದು. ರೋಗವು ತಾಯಿಯ ಕಡೆಯಿಂದ ಬರಬಹುದಾದರೂ ಅದಕ್ಕೆ ಆಕೆಯನ್ನು ದೂಷಿಸುವುದು ಅನ್ಯಾಯ.

ಪಾದ ಜೋಲುವ ನಡಿಗೆ

ಪಾದವನ್ನು ಮೇಲಕ್ಕೆತ್ತುವ ನರ ದುರ್ಬಲವಾದರೆ ಮುಂಗಾಲು ಕೆಳಕ್ಕೆ ಜೋಲುತ್ತದೆ. ಬೆರಳು ನೆಲಕ್ಕೆ ತಾಗದಿರಲೆಂದು ಮೊಣಕಾಲನ್ನು ಎತ್ತರಕ್ಕೆ ಎತ್ತಿ, ಮೆಟ್ಟಿಲೇರುವವರಂತೆ ನಡೆಯಬೇಕಾಗುತ್ತದೆ. ಪಾದ ಊರುವಾಗ ‘ಟಪ್’ ಎಂದು ಬಡಿಯುವ ಸದ್ದು ಕೇಳಿಸುತ್ತದೆ. ಚಪ್ಪಲಿ ತಾನಾಗಿ ಜಾರಿ ಹೋಗುವುದೂ ಅದರ ತುದಿ ಬೇಗ ಸವೆಯುವುದೂ ಇದರ ಗುರುತು.

ಈ ನರವು ಮೊಣಕಾಲಿನ ಹೊರಪಕ್ಕದಲ್ಲಿ, ಮೂಳೆಯ ಮೇಲೆ ಚರ್ಮದ ಕೆಳಗೇ ಹಾದುಹೋಗುತ್ತದೆ. ಕಳೆ ಕೀಳುವಾಗ, ರಾಗಿ ಕೊಯ್ಯುವಾಗ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತರೆ ಅದು ಒತ್ತಿಹೋಗಬಹುದು. ಇಂತಹ ಒತ್ತಡದಿಂದ ಬಂದುದು ಅನೇಕ ವೇಳೆ ಕೆಲವು ವಾರ-ತಿಂಗಳುಗಳಲ್ಲಿ ಗುಣವಾಗುತ್ತದೆ. ನಡುನಡುವೆ ಎದ್ದು ಕಾಲಾಡಿಸುವುದೇ ಇದಕ್ಕೆ ತಕ್ಕ ಮುನ್ನೆಚ್ಚರಿಕೆ. ಸೊಂಟದ ತಟ್ಟೆ ಜಾರುವುದು, ಮಧುಮೇಹ, ಪೃಷ್ಠದಲ್ಲಿ ಸರಿಯಾದ ಸ್ಥಾನ ತಪ್ಪಿ ಚುಚ್ಚಿದ ಸೂಜಿಮದ್ದು ಇವೂ ಕಾರಣವಾಗಬಲ್ಲವು.

ಕುಷ್ಠರೋಗವನ್ನೂ ಮರೆಯುವಂತಿಲ್ಲ. ತಿಳಿಬಣ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆಯೊಡನೆ ಪಾದ ಜೋಲಿದರೆ ನಾಚದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯು 1982ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ನರ ಪೂರ್ತಿ ಸಾಯುವ ಮೊದಲು ಹೋದವರ ಪಾದ ಉಳಿಯುತ್ತದೆ.

ಅರ್ಧಾಂಗದ ನಡಿಗೆ ಮತ್ತು ಕತ್ತರಿ ನಡಿಗೆ

ಪಾರ್ಶ್ವವಾಯು ಆದವರಲ್ಲಿ ಒಂದು ಕಾಲು ಸೆಟೆದು ಮಡಿಸಲು ಬಾರದೆ, ಅರ್ಧವೃತ್ತವಾಗಿ ಹೊರಕ್ಕೆ ಸುತ್ತಿ ಮುಂದೆ ಬರುತ್ತದೆ. ಅದೇ ಪಕ್ಕದ ಕೈ ಮಡಚಿ ಎದೆಗೆ ಅಂಟಿರುತ್ತದೆ. ಇದು ಬಹುಮಟ್ಟಿಗೆ ಮುಗಿದುಹೋದ ಘಟನೆಯ ಗುರುತು. ಆದರೆ ಒಬ್ಬರ ಕಾಲು ಹಠಾತ್ತಾಗಿ ಎಳೆಯತೊಡಗಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಆ ಕ್ಷಣದ ತುರ್ತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಕೋಡಿಹಳ್ಳಿಯ ಕಡೆಯ ಹಳ್ಳಿಯಿಂದ ದೊಡ್ಡ ಆಸ್ಪತ್ರೆಯನ್ನು ಮುಟ್ಟುವುದಕ್ಕೇ ಹೊತ್ತು ಬೇಕೆಂಬುದನ್ನು ನೆನೆದರೆ, ‘ಬೆಳಗಾಗಲಿ ನೋಡೋಣ’ ಎಂಬ ಮಾತಿನ ಬೆಲೆ ಎಷ್ಟೆಂಬುದು ತಿಳಿಯುತ್ತದೆ. 108ಕ್ಕೆ ಕರೆ ಮಾಡಿ, ಲಕ್ಷಣ ಆರಂಭವಾದ ಗಂಟೆಯನ್ನು ಬರೆದಿಟ್ಟುಕೊಂಡು ಹೊರಡಬೇಕು.

ಎರಡೂ ಕಾಲು ಸೆಟೆದು, ಮೊಣಕಾಲುಗಳು ಒಂದನ್ನೊಂದು ದಾಟುತ್ತಾ ಕತ್ತರಿಯಂತೆ ಚಲಿಸುವುದು ಇನ್ನೊಂದು ಬಗೆ. ಅವಧಿಗೆ ಮುನ್ನ ಹುಟ್ಟಿದ, ಇಲ್ಲವೆ ಹೆರಿಗೆಯ ಸಮಯದಲ್ಲಿ ಮೆದುಳಿಗೆ ಪ್ರಾಣವಾಯು ಸಾಲದೆ ಹೋದ ಮಕ್ಕಳಲ್ಲಿ ಇದು ಕಾಣುತ್ತದೆ. ಬೆಳೆದವರಲ್ಲಿ ಹೊಸದಾಗಿ ಕಾಲು ಸೆಟೆದರೆ ಬೆನ್ನುಹುರಿಯ ಮೇಲೆ ಒತ್ತಡವಿರುವ ಶಂಕೆ ಬರುತ್ತದೆ. ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಯುವುದು ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಇದು ಔಷಧದಿಂದ ಗುಣವಾಗತಕ್ಕ ರೋಗ. ಕುತ್ತಿಗೆಯ ಮೂಳೆ ಸವೆದು ಹುರಿ ಒತ್ತಿದಾಗ ಕಾಲಿನ ಬಿಗಿತದೊಡನೆ ಕೈಬೆರಳುಗಳೂ ಅಂಗಿಯ ಗುಂಡಿ ಹಾಕಲಾರದಷ್ಟು ಮಂದವಾಗುತ್ತವೆ.

ಕಾಲಿನ ರೋಗಕ್ಕೂ ಆಹಾರಕ್ಕೂ ಇರುವ ನಂಟನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ನಡೆಯತೊಡಗಿದೊಡನೆ ನಡುಗಿ ಕುಂಟುವ ರೋಗಕ್ಕೆ ಸುಶ್ರುತ ಸಂಹಿತೆಯು ‘ಕಲಾಯಖಂಜ’ ಎಂಬ ಹೆಸರನ್ನಿತ್ತಿದೆ. ಕಲಾಯವೆಂದರೆ ಒಂದು ಬಗೆಯ ದ್ವಿದಳ ಧಾನ್ಯ. ಮಧ್ಯಭಾರತದಲ್ಲಿ ಬರಗಾಲದಲ್ಲಿ ಕೇಸರಿಬೇಳೆಯನ್ನೇ ತಿಂಗಳುಗಟ್ಟಲೆ ತಿಂದ ಬಡವರ ಕಾಲು ಸೆಟೆದುದನ್ನು ಆಧುನಿಕ ವಿಜ್ಞಾನವೂ ದಾಖಲಿಸಿದೆ.

ಕತ್ತಲಲ್ಲಿ ತಡವರಿಸುವ ನಡಿಗೆ – ಸಸ್ಯಾಹಾರಿಗಳು ಗಮನಿಸಬೇಕು

ಕಾಲುಗಳನ್ನು ಅಗಲಿಸಿ, ಕುಡಿದವರಂತೆ ಓಲಾಡುತ್ತಾ ನಡೆಯುವುದಕ್ಕೆ ಎರಡು ಮೂಲಗಳುಂಟು. ಹಿಂಮೆದುಳಿನ ದೋಷವಾದರೆ ಬೆಳಕಿನಲ್ಲಿಯೂ ಕತ್ತಲಲ್ಲಿಯೂ ಓಲಾಟ ಒಂದೇ ಸಮನಾಗಿರುತ್ತದೆ. ಮದ್ಯಪಾನ, ಮೂರ್ಛೆರೋಗದ ಕೆಲವು ಔಷಧಗಳ ಪ್ರಮಾಣ ಹೆಚ್ಚಾಗುವುದು, ಆನುವಂಶಿಕ ರೋಗಗಳು ಇದಕ್ಕೆ ಕಾರಣ. ಇನ್ನೊಂದು, ಪಾದವು ಎಲ್ಲಿದೆಯೆಂದು ಮೆದುಳಿಗೆ ತಿಳಿಸುವ ನರಗಳ ದೋಷ. ಅಂತಹವರು ಕಣ್ಣಿನ ಸಹಾಯದಿಂದ ಹೇಗೋ ನಡೆಯುತ್ತಾರೆ. ದೀಪ ಆರಿದೊಡನೆ ತಡವರಿಸುತ್ತಾರೆ, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಮುಗ್ಗರಿಸುತ್ತಾರೆ. ಹತ್ತಿಯ ಮೇಲೆ ನಡೆದಂತಾಗುತ್ತದೆ, ಪಾದ ಜುಮುಗುಡುತ್ತದೆ ಎನ್ನುತ್ತಾರೆ.

ಈ ಎರಡನೆಯ ಬಗೆಗೆ ಒಂದು ಮುಖ್ಯ ಕಾರಣ ಬಿ12 ಜೀವಸತ್ವದ ಕೊರತೆ. ಇದು ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಬಿ12 ಸೊಪ್ಪು, ಕಾಳು, ರಾಗಿ, ತರಕಾರಿಗಳಲ್ಲಿ ಇಲ್ಲ. ಸಸ್ಯಾಹಾರಿಗಳಾದ ನಮಗೆ ಅದು ದೊರೆಯುವುದು ಹಾಲು ಮತ್ತು ಮೊಸರಿನಂತಹ ಹೈನದಿಂದ ಮಾತ್ರ. ಮನೆಯಲ್ಲಿ ಕರೆದ ಹಾಲನ್ನು ಡೈರಿಗೆ ಹಾಕಿ, ಗಂಡಸರಿಗೂ ಮಕ್ಕಳಿಗೂ ಬಡಿಸಿ, ತಾನು ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಗೃಹಿಣಿಗೆ ಎಷ್ಟು ದೊರೆತೀತು? ವಯೋವೃದ್ಧರಲ್ಲಿ ಅದನ್ನು ಹೀರುವ ಶಕ್ತಿಯೇ ಕುಗ್ಗುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಗುಳಿಗೆಯನ್ನೂ, ಹೊಟ್ಟೆಯ ಹುಳಿಗೆ ಗುಳಿಗೆಯನ್ನೂ ವರ್ಷಗಟ್ಟಲೆ ಸೇವಿಸುವವರಲ್ಲಿಯೂ ಕೊರತೆ ಹೆಚ್ಚು. ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ, ಗುಟ್ಟಾಗಿ ತೋರುತ್ತದೆ.

ಸಸ್ಯಾಹಾರವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಸರಳವಾದ ರಕ್ತಪರೀಕ್ಷೆಯಿಂದ ಕೊರತೆ ತಿಳಿಯುತ್ತದೆ; ಗುಳಿಗೆ ಅಥವಾ ಸೂಜಿಮದ್ದಿನಿಂದ ತುಂಬಿಕೊಳ್ಳುತ್ತದೆ. ಬೇಗ ಆರಂಭಿಸಿದವರ ನಡಿಗೆ ಮರಳುತ್ತದೆ. ತಡವಾದಷ್ಟೂ ಉಳಿಯುವ ಊನ ಹೆಚ್ಚು. ಇನ್ನೊಂದು ಎಚ್ಚರಿಕೆ: ರಕ್ತಹೀನತೆಗೆಂದು ಫೋಲಿಕ್ ಆಮ್ಲವನ್ನು ಮಾತ್ರ ನುಂಗಿದರೆ ರಕ್ತ ಸುಧಾರಿಸಿದಂತೆ ತೋರಿ, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ಕಿರುಹೆಜ್ಜೆಯ ನಡಿಗೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ವಿವರಿಸಿದ ರೋಗವನ್ನು ಆಯುರ್ವೇದದವರು ಕಂಪವಾತವೆಂದು ಕರೆಯುತ್ತಾರೆ. ದೇಹ ಮುಂದಕ್ಕೆ ಬಾಗಿ, ಕೈ ಬೀಸುವುದು ನಿಂತು, ಪಾದವನ್ನು ನೆಲಕ್ಕೆ ಉಜ್ಜುತ್ತಾ ಸಣ್ಣ ಸಣ್ಣ ಹೆಜ್ಜೆ ಇಡುತ್ತಾರೆ. ತಿರುಗುವಾಗ ಹಲವು ಹೆಜ್ಜೆ ಬೇಕು. ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುತ್ತದೆ. ಒಂದೇ ಕೈಯ ಬೀಸು ನಿಂತುದು ಅನೇಕ ವೇಳೆ ಮೊದಲ ಗುರುತು. ಲೆವೊಡೋಪಾ ಎಂಬ ಔಷಧದಿಂದ ಅನೇಕರು ಬಹಳ ವರ್ಷ ಚೆನ್ನಾಗಿ ಓಡಾಡುತ್ತಾರೆ. ನಮ್ಮ ನಸುಗುನ್ನಿ ಬೀಜದಲ್ಲಿಯೂ ಅದೇ ದ್ರವ್ಯವಿದೆ. ಆದರೂ ಪ್ರಮಾಣ ತಿಳಿಯದೆ ಬೀಜವನ್ನು ಸೇವಿಸುವುದಾಗಲಿ, ಔಷಧವನ್ನು ತಟ್ಟನೆ ನಿಲ್ಲಿಸುವುದಾಗಲಿ ಅಪಾಯಕರ. ವಾಂತಿಗೂ ತಲೆಸುತ್ತಿಗೂ ಮಾನಸಿಕ ರೋಗಕ್ಕೂ ಕೊಡುವ ಕೆಲವು ಗುಳಿಗೆಗಳಿಂದಲೂ ಇಂತಹ ನಡಿಗೆ ಬರುವುದುಂಟು. ಆದುದರಿಂದ ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಯ್ಯಬೇಕು.

ಹಿರಿಯರಲ್ಲಿ ಕಾಲಗಲಿಸಿದ ಕಿರುಹೆಜ್ಜೆ, ಮೂತ್ರ ತಡೆಯಲಾಗದಿರುವುದು, ಮರೆವು – ಈ ಮೂರು ಒಟ್ಟಿಗೆ ಬಂದರೆ ಮೆದುಳಿನ ಕೋಶಗಳಲ್ಲಿ ನೀರು ತುಂಬಿರುವ ಸಾಧ್ಯತೆಯಿದೆ. 1965ರಲ್ಲಿ ವೈದ್ಯರು ಇದನ್ನು ವಿವರಿಸಿದರು. ನೀರನ್ನು ಕೊಳವೆಯ ಮೂಲಕ ಹರಿಸುವ ಶಸ್ತ್ರಚಿಕಿತ್ಸೆಯಿಂದ ಆಯ್ದ ರೋಗಿಗಳು ಮತ್ತೆ ನಡೆಯುತ್ತಾರೆ. ‘ಅರಳು-ಮರಳು’ ಎಂದು ಮೂಲೆಗೆ ಸೇರಿಸಿದ ಎಷ್ಟು ಹಿರಿಯರಲ್ಲಿ ಇದು ಇದ್ದಿರಬಹುದು, ಯೋಚಿಸಿ.

ತಡಮಾಡಬಾರದ ಸಂದರ್ಭಗಳು

1. ಕಾಲುಗಳ ಶಕ್ತಿ ಗಂಟೆ-ದಿನಗಳಲ್ಲಿ ಕುಗ್ಗಿ, ದುರ್ಬಲತೆ ಪಾದದಿಂದ ಮೇಲಕ್ಕೆ ಏರುತ್ತಿದ್ದರೆ. ಅದು ಉಸಿರಾಟದ ಸ್ನಾಯುಗಳನ್ನೂ ಮುಟ್ಟಬಹುದು.
2. ಬೆನ್ನುನೋವಿನೊಡನೆ ಕಾಲು ಸೋತು, ಮೂತ್ರ ಕಟ್ಟಿದರೆ ಇಲ್ಲವೆ ಕುಳಿತುಕೊಳ್ಳುವ ಭಾಗ ಜೋಮು ಹಿಡಿದರೆ.
3. ಬಿದ್ದ ಮೇಲೆ ಹಿರಿಯರು ಕಾಲೂರಲಾರದೆ ಪಾದ ಹೊರಕ್ಕೆ ತಿರುಗಿದ್ದರೆ. ಅದು ಸೊಂಟದ ಮೂಳೆಮುರಿತವಿರಬಹುದು, ತಿಕ್ಕಬಾರದು, ಎಳೆಯಬಾರದು.
4. ಹಠಾತ್ತಾಗಿ ಒಂದು ಪಕ್ಕ ಸೋತರೆ.
5. 15 ವರ್ಷದೊಳಗಿನ ಮಗುವಿನ ಕಾಲು ಥಟ್ಟನೆ ಬಲಹೀನವಾಗಿ ಜೋತುಬಿದ್ದರೆ. ದೇಶದಲ್ಲಿ 1995ರಿಂದ ನಡೆದ ಪಲ್ಸ್ ಪೋಲಿಯೊ ಕಾರ್ಯಕ್ರಮದ ಫಲವಾಗಿ 2011ರ ಜನವರಿಯ ಬಳಿಕ ಕಾಡು ಪೋಲಿಯೊದ ಪ್ರಕರಣ ಇಲ್ಲಿ ಕಂಡುಬಂದಿಲ್ಲ. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಆದರೂ ಇಂತಹ ಪ್ರತಿಯೊಂದು ಮಗುವಿನ ವಿಷಯವೂ ಆರೋಗ್ಯ ಇಲಾಖೆಗೆ ತಿಳಿಯಬೇಕು.

ಮನೆಯಲ್ಲಿ ನೋಡುವ ಕ್ರಮ

ಹಗಲು ಹೊತ್ತಿನಲ್ಲಿ ಜಗಲಿಯ ಮುಂದೆ ಹತ್ತು ಹೆಜ್ಜೆ ನಡೆಸಿರಿ. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಿರಿ. ಹೆಜ್ಜೆಗಳು ಸಮನಾಗಿವೆಯೇ? ಎರಡೂ ಕೈಗಳು ಬೀಸುತ್ತಿವೆಯೇ? ಸೊಂಟ ಒಂದು ಕಡೆ ಕುಸಿಯುತ್ತದೆಯೇ? ಪಾದ ಬಡಿಯುತ್ತದೆಯೇ, ಉಜ್ಜುತ್ತದೆಯೇ? ಎರಡು ಚಪ್ಪಲಿಗಳೂ ಒಂದೇ ರೀತಿ ಸವೆದಿವೆಯೇ? ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿಟ್ಟರೆ ವೈದ್ಯರಿಗೆ ಬಹಳ ಉಪಕಾರ. ಆಸ್ಪತ್ರೆಯಲ್ಲಿ ಅನೇಕರು ಸಂಕೋಚದಿಂದ ಬೇರೆಯೇ ರೀತಿ ನಡೆಯುತ್ತಾರೆ.

ಹಿರಿಯರಿಗೆ ಇನ್ನೊಂದು ಪರೀಕ್ಷೆಯುಂಟು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳುವಂತೆ ಹೇಳಿ ಗಡಿಯಾರ ನೋಡಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ತಿಳಿಯತಕ್ಕದ್ದು. ಪರೀಕ್ಷಿಸುವಾಗ ಒಬ್ಬರು ಪಕ್ಕದಲ್ಲಿಯೇ ನಿಂತಿರಲಿ.

ಬಳಿಕ ಒಂದು ಚೀಟಿಯಲ್ಲಿ ಬರೆಯಿರಿ: ಯಾವಾಗ ಆರಂಭವಾಯಿತು, ಥಟ್ಟನೆಯೋ ಮೆಲ್ಲಗೋ, ಒಂದು ಕಾಲೋ ಎರಡೋ, ನೋವುಂಟೋ, ಕತ್ತಲಲ್ಲಿ ಹೆಚ್ಚೋ, ಎಷ್ಟು ಸಲ ಬಿದ್ದರು, ಮೂತ್ರದ ತೊಂದರೆಯುಂಟೋ, ಯಾವ ಔಷಧ ನಡೆದಿದೆ, ಬಂಧುಗಳಲ್ಲಿ ಯಾರಿಗಾದರೂ ಹೀಗಿದೆಯೋ. ಈ ಚೀಟಿಯೊಡನೆ ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಮೂಳೆಯ ದೋಷವೆಂದರೆ ಮೂಳೆತಜ್ಞರಿಗೂ, ನರದ ದೋಷವೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗೂ ಅಲ್ಲಿಯ ವೈದ್ಯರು ದಾರಿ ತೋರಿಸುತ್ತಾರೆ. ನಡುವಿನ ಕಾಲದಲ್ಲಿ ಬಚ್ಚಲಿಗೆ ಹಿಡಿಕೆ, ರಾತ್ರಿ ಒಂದು ಸಣ್ಣ ದೀಪ, ಒಣಗಿದ ನೆಲ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ – ಇಷ್ಟನ್ನು ಒದಗಿಸಿದರೆ ಎಷ್ಟೋ ಮೂಳೆಮುರಿತಗಳು ತಪ್ಪುತ್ತವೆ.

ಕೊನೆಯದಾಗಿ ಒಂದು ಮಾತು. ನಮ್ಮ ಊರುಗಳಲ್ಲಿ ನಡಿಗೆಯ ದೋಷವನ್ನೇ ಹೆಸರಿಗೆ ಅಂಟಿಸಿ ಕರೆಯುವ ಕೆಟ್ಟ ಚಾಳಿ ಇನ್ನೂ ಉಳಿದಿದೆ. ಆ ಹೆಸರಿಗೆ ಹೆದರಿಯೇ ಎಷ್ಟೋ ತಾಯಿತಂದೆಗಳು ಮಗುವನ್ನು ಜಾತ್ರೆಗೂ ಶಾಲೆಗೂ ಕಳುಹಿಸದೆ ಬಚ್ಚಿಡುತ್ತಾರೆ. ಬಚ್ಚಿಟ್ಟ ಮಗುವಿಗೆ ಚಿಕಿತ್ಸೆಯೂ ತಪ್ಪುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಚಲನವೈಕಲ್ಯ, ಸ್ನಾಯುಕ್ಷಯ, ಪಾರ್ಕಿನ್‌ಸನ್ ರೋಗ, ಕುಷ್ಠದಿಂದ ಗುಣವಾದವರ ಊನ ಮುಂತಾದ 21 ಬಗೆಗಳನ್ನು ಗುರುತಿಸಿ ಅವರಿಗೆ ಹಕ್ಕುಗಳನ್ನು ನೀಡಿದೆ. ಕಾನೂನು ಕೊಟ್ಟ ಗೌರವವನ್ನು ನೆರೆಹೊರೆಯವರು ಕಿತ್ತುಕೊಳ್ಳಬಾರದು. ಗುಣವಾಗುವ ಕಾಲನ್ನು ಬೇಗ ಗುಣಪಡಿಸೋಣ. ಗುಣವಾಗದ ಕಾಲಿಗೆ ಕೋಲನ್ನೂ, ಪಟ್ಟಿಯನ್ನೂ, ಗಾಲಿಕುರ್ಚಿಯನ್ನೂ, ಅವೆಲ್ಲಕ್ಕಿಂತ ಮೊದಲು ಮರ್ಯಾದೆಯ ಮಾತನ್ನೂ ಒದಗಿಸೋಣ. ಈ ತಿಂಗಳು ಪ್ರತಿಯೊಂದು ಮನೆಯಲ್ಲಿಯೂ ಒಂದು ದಿನ ಎಲ್ಲರ ನಡಿಗೆಯನ್ನು ಒಮ್ಮೆ ಗಮನಿಸಿ ನೋಡಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.